ಆಂಪ್ ಬದಲಿಸುವ ಮೊದಲು ಕುರ್ಚಿ ಸರಿಸಿ

ಹುಬ್ಬಳ್ಳಿ-ಧಾರವಾಡದಲ್ಲಿ ಈಚೆಗೆ ಕಟ್ಟಿದ ಸಣ್ಣ ಮನೆಗಳ ಹಾಲ್ ಸಾಮಾನ್ಯವಾಗಿ ಹೀಗಿರುತ್ತದೆ: 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರಕ್ಕೆ ಸ್ಲ್ಯಾಬು. ಗೋಡೆಗೆ ಸಿಮೆಂಟ್ ಗಿಲಾವು, ನೆಲಕ್ಕೆ ಟೈಲ್ಸ್ ಇಲ್ಲವೇ ಶಹಾಬಾದ ಫರಶಿ. ಒಂದು ಗೋಡೆಗೆ ಶೋಕೇಸು, ಎದುರು ಗೋಡೆಗೆ ಒತ್ತಿ ಸೋಫಾ, ಸ್ಪೀಕರು ಶೋಕೇಸಿನ ಖಾನೆಯೊಳಗೆ. ಇಂಥ ಖೋಲಿಯಲ್ಲಿ 20 ಸಾವಿರದ ಸ್ಪೀಕರಿಗೂ 2 ಲಕ್ಷದ ಸ್ಪೀಕರಿಗೂ ನಡುವಿನ ಅಂತರ ಬಹಳ ಮಟ್ಟಿಗೆ ಅಳಿಸಿಹೋಗುತ್ತದೆ. ಎರಡರಲ್ಲೂ ಡಗ್ಗಾ (ತಬಲಾದ ಎಡಗೈ ವಾದ್ಯ) ಗುಂಯ್ ಅನ್ನುತ್ತದೆ, ಹಾರ್ಮೋನಿಯಂ ಚೀರುತ್ತದೆ, ಹಾಡುವವರು ಎಲ್ಲಿ ಕೂತಿದ್ದಾರೆಂಬುದೇ ತಿಳಿಯುವುದಿಲ್ಲ. ಆಮೇಲೆ ಆಂಪ್ (ಆಂಪ್ಲಿಫೈಯರ್) ಬದಲಿ, ವೈರ್ ಬದಲಿ ಶುರುವಾಗುತ್ತದೆ. ವೈರಿನ ಮಾತು ಇಲ್ಲೇ ಮುಗಿಸುತ್ತೇನೆ: ಆಂಪಿನಿಂದ ಸ್ಪೀಕರಿಗೆ 5 ಮೀಟರ್ ಒಳಗಿದ್ದರೆ ಎಲೆಕ್ಟ್ರಿಕ್ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ವೈರು ಸಾಕು, ಅದಕ್ಕಿಂತ ದೂರವಿದ್ದರೆ 2.5. ಉಳಿದ ದುಡ್ಡನ್ನು ಖೋಲಿಗೆ ಹಾಕಿ.

ಖೋಲಿಗೆ ಇರುವ ರೋಗ ಎರಡು, ಎರಡಕ್ಕೂ ಮದ್ದು ಬೇರೆ. ಒಂದು ಗುಂಯ್‌ಗುಡುವುದು: ಸುಮಾರು 200 ಹರ್ಟ್ಜ್‌ನ (ಸೆಕೆಂಡಿಗೆ 200 ಕಂಪನ) ಕೆಳಗೆ ಕೆಲವು ಸ್ವರ ಉಬ್ಬಿ ಬರುತ್ತವೆ, ಕೆಲವು ಪೂರ್ತಿ ಮಾಯವಾಗುತ್ತವೆ. ಇನ್ನೊಂದು ಖಣಖಣ ಅನ್ನುವುದು: ಮೇಲಿನ ದನಿಗಳು ಗೋಡೆಯಿಂದ ಗೋಡೆಗೆ ಪುಟಿಯುತ್ತ ಬಹಳ ಹೊತ್ತು ಉಳಿಯುತ್ತವೆ. ಗೋಡೆಗೆ ಒಂದಿಂಚಿನ ಫೋಮು ಅಂಟಿಸಿದವರು "ಫೋಮು ಹಾಕಿದ ಮೇಲೆ ಇನ್ನೂ ಕೆಟ್ಟಿತು" ಎಂದು ಗೊಣಗುವುದುಂಟು. ಅವರ ಮಾತು ಸುಳ್ಳಲ್ಲ. ತೆಳು ಫೋಮು ಖಣಖಣವನ್ನು ಅರ್ಧಮರ್ಧ ನುಂಗಿತು, ಗುಂಯ್ ಇದ್ದಷ್ಟೇ ಉಳಿಯಿತು. ಮೇಲಿನ ದನಿ ಸತ್ತಿದ್ದರಿಂದ ಗುಂಯ್ ಇನ್ನಷ್ಟು ಎದ್ದು ಕೇಳಿಸತೊಡಗಿತು.

ಯಾವ ರೋಗ ಎಷ್ಟಿದೆ ಎಂದು ನೋಡಲು ಯಂತ್ರ ಬೇಡ. ಖೋಲಿಯ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಝರ್‍ರ್ ಎಂದು ಲೋಹದಂಥ ಬಾಲ ಬಂದರೆ ಎರಡು ಬೋಳು ಗೋಡೆಗಳು ಎದುರುಬದುರು ನಿಂತು ದನಿಯನ್ನು ಚೆಂಡಾಡುತ್ತಿವೆ ಎಂದರ್ಥ. ಗುಂಯ್ ನೋಡಲು ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು ಆಂಪಿಗೆ ಜೋಡಿಸಿ, ಮೆಲುದನಿಯಲ್ಲಿ 30ರಿಂದ 200 ಹರ್ಟ್ಜ್‌ವರೆಗೆ ನಿಧಾನ ಏರಿಸಿ. ಕೂತಲ್ಲೇ ಕೂತಿದ್ದರೂ ಕೆಲವು ಅಂಕಿಗೆ ದನಿ ಎದೆಗೆ ಬಡಿಯುತ್ತದೆ, ಕೆಲವಕ್ಕೆ ಸ್ಪೀಕರು ಆಫ್ ಆದಂತಾಗುತ್ತದೆ. ಆ ಅಂಕಿಗಳನ್ನು ಬರೆದಿಡಿ. ಇದೇ ಹೊತ್ತಿನಲ್ಲಿ ಶೋಕೇಸಿನ ಗಾಜು, ಸ್ಟೀಲ್ ತಾಟು, ಕಬ್ಬಿಣದ ಕಪಾಟಿನ ಬಾಗಿಲು ಯಾವ ಅಂಕಿಗೆ ಕಿರಗುಡುತ್ತವೆ ಎಂಬುದೂ ಸಿಗುತ್ತದೆ. ಬಾಸ್ (ಕೆಳಗಿನ ದನಿ) ಒಡೆದಂತೆ ಬರುತ್ತಿದೆ, ವೂಫರ್ (ಬಾಸ್ ನುಡಿಸುವ ದೊಡ್ಡ ಕೋನು) ಹೋಗಿದೆ ಎಂದು ರಿಪೇರಿಗೆ ಒಯ್ಯುವ ಮೊದಲು ಕಪಾಟಿನ ಮೇಲಿನ ಸೂಟ್‌ಕೇಸು ಇಳಿಸಿ ನೋಡಿ.

ಸ್ವರ ಉಬ್ಬುವುದಕ್ಕೆ, ಮಾಯವಾಗುವುದಕ್ಕೆ ಕಾರಣ ಲೆಕ್ಕದಲ್ಲಿದೆ. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1130 ಅಡಿ ಹೋಗುತ್ತದೆ (ಏಪ್ರಿಲ್ ಬಿಸಿಲಿಗೆ ಇನ್ನಷ್ಟು ಜೋರು, 35 ಡಿಗ್ರಿಗೆ 1155ರ ಹತ್ತಿರ, ನಮ್ಮ ಲೆಕ್ಕಕ್ಕೆ ಬಾಧಕವಿಲ್ಲ). 1130ನ್ನು ಖೋಲಿಯ ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನ ಎರಡು ಗೋಡೆಗಳ ನಡುವೆ ಪುಟಿಯುತ್ತ ನಿಂತುಬಿಡುವ ಮೊದಲ ಅಲೆ ಸಿಗುತ್ತದೆ. 12 ಅಡಿಗೆ 47 ಹರ್ಟ್ಜ್, 10 ಅಡಿಗೆ 56, 14 ಅಡಿಗೆ 40, 16 ಅಡಿಗೆ 35. ಅದರ ಇಮ್ಮಡಿ, ಮುಮ್ಮಡಿಯಲ್ಲೂ ನಿಲ್ಲುತ್ತದೆ. ನಮ್ಮ 10-12-10ರ ಹಾಲಿನಲ್ಲಿ ಅಗಲ ಮತ್ತು ಎತ್ತರ ಎರಡೂ 10 ಅಡಿ ಆದ್ದರಿಂದ 56 ಹರ್ಟ್ಜ್ ಎರಡು ದಿಕ್ಕಿನಿಂದ ಒಂದರ ಮೇಲೊಂದು ಕೂರುತ್ತದೆ, 113ರಲ್ಲೂ ಹಾಗೇ. 10-10-10ರ ಬೆಡ್‌ರೂಮು ಇನ್ನೂ ಕೆಟ್ಟದ್ದು. ಆಯ್ಕೆ ಇದ್ದರೆ ಅಲ್ಲಿ ಸ್ಟೀರಿಯೊ ಇಡಲೇಬೇಡಿ. ಧಾರವಾಡದ ಹಳೆಯ ಹಂಚಿನ ಮನೆಗಳಲ್ಲಿ ಈ ಕಾಟ ಕಡಿಮೆ. ಇಳಿಜಾರು ಮಾಡು ಎತ್ತರದ ಅಲೆಯನ್ನು ಚದುರಿಸುತ್ತದೆ, ಹಂಚಿನ ಸಂದಿಯಿಂದ ಬಾಸ್ ಹೊರಗೆ ಹೋಗುತ್ತದೆ. ಓಣಿಗೂ ಹೋಗುತ್ತದೆ ಅನ್ನಿ, ಆ ಮಾತು ಬೇರೆ.

ನಿಂತ ಅಲೆಯ ಒತ್ತಡ ಗೋಡೆಯ ಹತ್ತಿರ ಅತಿ ಹೆಚ್ಚು. ಮೊದಲ ಅಲೆಗೆ ಖೋಲಿಯ ನಟ್ಟನಡುವೆ ಸೊನ್ನೆ. ಆದ್ದರಿಂದ ಹಿಂದಿನ ಗೋಡೆಗೆ ತಲೆ ಒತ್ತಿ ಸೋಫಾದಲ್ಲಿ ಕೂತವರಿಗೆ ಎಲ್ಲ ಗುಂಯ್ ಒಟ್ಟಿಗೇ ಸಿಗುತ್ತದೆ, ನಟ್ಟನಡುವೆ ಕುರ್ಚಿ ಹಾಕಿದವರಿಗೆ 47 ಹರ್ಟ್ಜ್ ಸಿಗುವುದೇ ಇಲ್ಲ. ಎರಡರ ನಡುವೆ ಒಂದು ಜಾಗ ಬೇಕು. ಉದ್ದದ ಶೇಕಡಾ 38ರಷ್ಟು ಗೋಡೆಯಿಂದ ದೂರ ಎಂಬುದು ಎಲ್ಲರೂ ಶುರು ಮಾಡುವ ಅಳತೆ. 12 ಅಡಿಗೆ ಅದು ಸುಮಾರು ನಾಲ್ಕೂವರೆ ಅಡಿ. ಹಿಂದಿನ ಗೋಡೆಯಿಂದ ಅಷ್ಟು ಮುಂದೆ ಕುರ್ಚಿ ಇಟ್ಟು, ಒಂದು ಲಯದ ಡಗ್ಗಾ ಹಚ್ಚಿ ಅಲ್ಲಿಂದ ಅರ್ಧರ್ಧ ಅಡಿ ಹಿಂದೆ ಮುಂದೆ ಸರಿಯುತ್ತ ಕೇಳಿ. ಡಗ್ಗಾಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅಂಗೈ ಒತ್ತಿ ತೇಲಿಸಿದಾಗ ಅದರ ಸ್ವರ ಜಾರುತ್ತ ಏರುತ್ತದಲ್ಲ, ಆ ಜಾರು ಉದ್ದಕ್ಕೂ ಒಂದೇ ಸಮ ಕೇಳಿಸಬೇಕು. ನಡುವೆ ಎಲ್ಲೋ ಉಬ್ಬಿ ಇನ್ನೆಲ್ಲೋ ಇಂಗಿದರೆ ಜಾಗ ಇನ್ನೂ ಸರಿಯಾಗಿಲ್ಲ.

ಮನೆ ಮಂದಿ ಓಡಾಡುವ ಹಾಲಿನಲ್ಲಿ ಸೋಫಾ ನಾಲ್ಕೂವರೆ ಅಡಿ ಮುಂದೆ ಬರುವುದು ಆಗದ ಮಾತು. ಅಂಥಲ್ಲಿ ಸೋಫಾ ಇದ್ದಲ್ಲೇ ಇರಲಿ, ಕೇಳುವ ಹೊತ್ತಿಗೆ ಮಾತ್ರ ಹಗುರ ಕುರ್ಚಿ ಇಲ್ಲವೇ ಗಾದಿ ಎಳೆದುಕೊಳ್ಳಿ. ನೆಲಕ್ಕೆ ಟೇಪಿನ ಗುರುತು ಇರಲಿ. ಅದೂ ಆಗದಿದ್ದರೆ ಸೋಫಾವನ್ನು ಒಂದಡಿ ಮುಂದೆ ತಂದು, ತಲೆಯ ಹಿಂದಿನ ಗೋಡೆಗೆ ದನಿ ಹೀರುವ ನಾಲ್ಕಿಂಚಿನ ದಪ್ಪ ಪ್ಯಾನೆಲ್ (ಮಾಡುವ ಬಗೆ ಮುಂದಿದೆ) ನಿಲ್ಲಿಸಿ.

ಸ್ಪೀಕರಿಗೆ ಬರೋಣ. ಖೋಲಿಯ ಗಿಡ್ಡ ಗೋಡೆಯ ಕಡೆ ಸ್ಪೀಕರು, ದನಿ ಉದ್ದಕ್ಕೆ ಹರಿಯುವಂತೆ. ಎಡ ಸ್ಪೀಕರು ಎಡ ಗೋಡೆಯಿಂದ ಎಷ್ಟೋ ಬಲದ್ದು ಬಲ ಗೋಡೆಯಿಂದ ಅಷ್ಟೇ ದೂರ. ಇದು ಬರೀ ಅಂದಕ್ಕಲ್ಲ. ಅಗಲದ 56 ಹರ್ಟ್ಜ್ ಅಲೆ ಖೋಲಿಯ ಎಡದಲ್ಲಿ ಒತ್ತುವಾಗ ಬಲದಲ್ಲಿ ಸೆಳೆಯುವ ಜಾತಿಯದು. ನಡುಗೆರೆಯಿಂದ ಸಮದೂರದ ಎರಡು ಸ್ಪೀಕರಿನಲ್ಲಿ ಒಂದೇ ಬಾಸ್ ಬಂದರೆ ಆ ಅಲೆ ಏಳಲು ಎಡೆಯೇ ಸಿಗುವುದಿಲ್ಲ. ಒಂದು ಸ್ಪೀಕರು ಮೂಲೆಯಲ್ಲಿ, ಇನ್ನೊಂದು ಬಾಗಿಲ ಪಕ್ಕದಲ್ಲಿ ಇದ್ದರೆ ಆ ಲಾಭ ಹೋಯಿತು. ಮೂಲೆ ಇನ್ನೊಂದು ಕೆಡುಕನ್ನೂ ಮಾಡುತ್ತದೆ: ಹತ್ತಿರದ ಪ್ರತಿ ಗೋಡೆ ಕೆಳಗಿನ ಬಾಸಿನ ಜೋರಿಗೆ 6 ಡೆಸಿಬೆಲ್‌ವರೆಗೆ ಕೂಡಿಸುತ್ತದೆ. ಮೂಲೆಯ ಸ್ಪೀಕರು ಉಬ್ಬುವುದು, ಹಾಡು ಒಂದೇ ಕಡೆ ವಾಲುವುದು ಇದಕ್ಕೇ.

ಸ್ಪೀಕರಿನ ಬೆನ್ನ ಹಿಂದಿನ ಗೋಡೆಯ ದೂರ ಎಲ್ಲಕ್ಕಿಂತ ಜಿಗುಟಿನ ವಿಷಯ. ಬಾಸ್ ದನಿ ಮುಂದೆ ಮಾತ್ರ ಹೋಗುವುದಿಲ್ಲ, ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೂ ಹೋಗುತ್ತದೆ. ಗೋಡೆಗೆ ಬಡಿದು ಮರಳುವಾಗ, ವೂಫರಿನಿಂದ ಗೋಡೆಗಿರುವ ದೂರ ಯಾವ ಅಲೆಯ ಕಾಲುಭಾಗವೋ ಆ ಅಲೆಯನ್ನು ಕಡಿದು ಹಾಕುತ್ತದೆ. 1130ನ್ನು ದೂರದ ನಾಲ್ಕರಷ್ಟರಿಂದ ಭಾಗಿಸಿ: ವೂಫರಿನ ಮುಖ ಗೋಡೆಯಿಂದ 2 ಅಡಿ ಇದ್ದರೆ 141 ಹರ್ಟ್ಜ್‌ನಲ್ಲಿ ಕುಣಿ (ತಗ್ಗು) ಬೀಳುತ್ತದೆ, 3 ಅಡಿಗೆ 94, 4 ಅಡಿಗೆ 70. ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಹಾಡುವವರ ಷಡ್ಜ 138ರ ಆಜುಬಾಜು. ಅಂದರೆ ಗೋಡೆಯಿಂದ 2 ಅಡಿಗೆ ಸ್ಪೀಕರು ಇಟ್ಟವರು ಸರಿಯಾಗಿ ಗಾಯಕರ ಷಡ್ಜದ ಮೇಲೇ ಕುಣಿ ತೋಡಿದಂತಾಯಿತು. ದನಿ ತೆಳು, ಎದೆ ಇಲ್ಲ ಎನಿಸುತ್ತದೆ, ಬಾಸ್ ನಾಬ್ ತಿರುಗಿಸಿದರೆ ಕೆಳಗಿನ ಗುಂಯ್ ಏರುತ್ತದೆಯೇ ಹೊರತು ಕುಣಿ ತುಂಬುವುದಿಲ್ಲ.

ಪುಸ್ತಕಗಳು ಮೂರು-ನಾಲ್ಕು ಅಡಿ ಮುಂದೆ ತನ್ನಿ ಎನ್ನುತ್ತವೆ. ದೊಡ್ಡ ಹಾಲಿಗೆ ಅದು ಸರಿ. 12 ಅಡಿಯ ಹಾಲಿನಲ್ಲಿ ಅಷ್ಟು ಮುಂದೆ ತಂದರೆ ಸ್ಪೀಕರು ನಿಮ್ಮ ಮೊಣಕಾಲ ಮೇಲೆ ಬರುತ್ತದೆ. ನನ್ನ ಮತ ಉಲ್ಟಾ: ಸಣ್ಣ ಖೋಲಿಯಲ್ಲಿ ಗೋಡೆಗೆ ಹತ್ತಿರವೇ ತಳ್ಳಿ. 10 ಇಂಚು ಆಳದ ಪೆಟ್ಟಿಗೆಯ ಹಿಂದೆ 4 ಇಂಚು ಬಿಟ್ಟರೆ ಮುಖದಿಂದ ಗೋಡೆಗೆ 14 ಇಂಚು, ಕುಣಿ 240 ಹರ್ಟ್ಜ್‌ಗೆ ಏರುತ್ತದೆ. ಆ ಎತ್ತರದಲ್ಲಿ ಸ್ಪೀಕರು ಹಿಂದಕ್ಕೆ ಚೆಲ್ಲುವ ದನಿಯೂ ಸ್ವಲ್ಪ ಕಡಿಮೆ, ನಾಲ್ಕಿಂಚಿನ ಪ್ಯಾನೆಲ್ ಅದನ್ನು ಹಿಡಿಯಲೂ ಬಲ್ಲದು. 141ನ್ನು ಅಷ್ಟು ಸಲೀಸಾಗಿ ಹಿಡಿಯಲಾಗದು. ಗೋಡೆ ಹತ್ತಿರವಾದ್ದರಿಂದ ಕೆಳಗಿನ ಬಾಸ್ ಹೆಚ್ಚುತ್ತದೆ, ಅದಕ್ಕೆ ಪೆಟ್ಟಿಗೆಯ ಹಿಂದಿನ ಪೋರ್ಟಿಗೆ (ಗಾಳಿಯ ತೂತಿಗೆ) ಒಂದು ಹಳೆಯ ಕಾಲುಚೀಲ ಸುರುಳಿ ಸುತ್ತಿ ತುರುಕಿ. ಪೂರ್ತಿ ಬಿಗಿಯಾಗಿ ತುರುಕಿದರೆ ಬಾಸ್ ಬೇಗ ಇಳಿಯುತ್ತದೆ, ಸಡಿಲವಾಗಿದ್ದರೆ ನಡುನಡುವೆ. ಕಿವಿಗೆ ಒಪ್ಪಿದಷ್ಟು.

ಶೋಕೇಸಿನೊಳಗಿಂದ ತೆಗೆಯಲು ಮನೆಯಲ್ಲಿ ಒಪ್ಪಿಗೆ ಸಿಗದಿದ್ದರೆ ನಷ್ಟ ತಗ್ಗಿಸುವ ದಾರಿ ಇದೆ. ಸ್ಪೀಕರಿನ ಮುಖ ಹಲಗೆಯ ಅಂಚಿಗೆ ಸಮನಾಗಿ, ಬೇಕಾದರೆ ಅರ್ಧ ಇಂಚು ಹೊರಗೇ ಬರಲಿ. ಒಳಗೆ ಇಟ್ಟರೆ ಮೇಲಿನ ಕೆಳಗಿನ ಹಲಗೆಗಳು ತುತ್ತೂರಿಯಾಗುತ್ತವೆ. ಪಕ್ಕ, ಮೇಲೆ, ಹಿಂದೆ ಉಳಿದ ಖಾಲಿ ಜಾಗಕ್ಕೆ ಅರಿವೆ ಇಲ್ಲವೇ ಹಿಂಜಿದ ಹತ್ತಿ ತುಂಬಿ. ಪೋರ್ಟು ಮುಚ್ಚಿ. ಅಡಿಗೆ ಸೈಕಲ್ ಟ್ಯೂಬಿನ ನಾಲ್ಕು ತುಂಡು. ಇಷ್ಟು ಮಾಡಿದರೆ ಮಾತಿನಲ್ಲಿ ಬರುವ ಡಬ್ಬಿ ದನಿ ಬಹುಪಾಲು ಹೋಗುತ್ತದೆ, ಸ್ಟೀರಿಯೊ ಚಿತ್ರ (ಯಾರು ಎಲ್ಲಿ ಕೂತಿದ್ದಾರೆಂಬುದು) ಮಾತ್ರ ಬರುವುದಿಲ್ಲ.

ಎತ್ತರ: ಟ್ವೀಟರು (ಮೇಲಿನ ದನಿ ನುಡಿಸುವ ಸಣ್ಣ ಕೋನು) ಕಿವಿಯ ಮಟ್ಟಕ್ಕೆ. ಕುರ್ಚಿಯಲ್ಲಿ ಕೂತರೆ ಕಿವಿ ನೆಲದಿಂದ 36ರಿಂದ 40 ಇಂಚು. ಆದರೆ ನಮ್ಮಲ್ಲಿ ಸಂಗೀತ ಕೇಳುವವರು ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕುವುದೇ ಹೆಚ್ಚು, ಆಗ ಕಿವಿ 30 ಇಂಚಿನ ಆಸುಪಾಸು. ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡು ಕುರ್ಚಿಯ ಲೆಕ್ಕದ್ದು. ಟ್ವೀಟರು ಪೆಟ್ಟಿಗೆಯ ತಳದಿಂದ 9 ಇಂಚು ಮೇಲಿದ್ದರೆ ಗಾದಿಗೆ 21 ಇಂಚಿನ, ಕುರ್ಚಿಗೆ 28-29 ಇಂಚಿನ ಸ್ಟ್ಯಾಂಡು ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ 3 ಇಂಚಿನ ಚೌಕ ಪೈಪಿಗೆ ಮೇಲೆ 8-10 ಇಂಚಿನ, ಕೆಳಗೆ 12-14 ಇಂಚಿನ ಪ್ಲೇಟು ಹಾಕಿಸಿ, ಪೈಪಿನೊಳಗೆ ಒಣ ಉಸುಕು ತುಂಬಿ. ಉಸುಕು ಹಸಿ ಇದ್ದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಎರಡು ದಿನ ಬಿಸಿಲಿಗೆ ಹರವಿ ತುಂಬಿಸಿ. ಅಷ್ಟೂ ಬೇಡವೆಂದರೆ 16-8-6 ಇಂಚಿನ ಸಿಮೆಂಟ್ ಸಾಲಿಡ್ ಬ್ಲಾಕು ಮೂರು ಒಂದರ ಮೇಲೊಂದು, 24 ಇಂಚು ಎತ್ತರ. ಒಂದೊಂದು 25 ಕಿಲೋ ಮೀರುತ್ತದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಇದು ಬೇಡ. ಶಹಾಬಾದ ಫರಶಿ ಸಮತಟ್ಟು ಇರುವುದು ಅಪರೂಪ, ಸ್ಪೀಕರು ಗಡಗಡ ಅಲುಗುತ್ತಿದ್ದರೆ ಸ್ಟ್ಯಾಂಡಿನ ಕೆಳಗೆ ರಬ್ಬರ್ ತುಂಡು ಕೊಟ್ಟು ಬಿಗಿ ಮಾಡಿ.

ಈಗ ಇಡುವ ಕೆಲಸ. 10 ಅಡಿ ಅಗಲದಲ್ಲಿ ಸ್ಪೀಕರುಗಳ ನಡುವೆ 6 ಅಡಿ, ಎರಡೂ ಬದಿಗೆ 2 ಅಡಿ. ಅಳತೆ ಟ್ವೀಟರಿನಿಂದ ಟ್ವೀಟರಿಗೆ. ಕಿವಿ ಮುಂದಿನ ಗೋಡೆಯಿಂದ ಏಳೂವರೆ ಅಡಿ ದೂರದಲ್ಲಿ ಬಂದರೆ ಕಿವಿಯಿಂದ ಪ್ರತಿ ಟ್ವೀಟರಿಗೆ 7 ಅಡಿ ಬೀಳುತ್ತದೆ. ಮೂರೂ ಬಾಹು ಸಮ ಇರಬೇಕೆಂಬ ಹಟ ಬೇಡ, ಕೇಳುವ ದೂರ ಸ್ವಲ್ಪ ಹೆಚ್ಚಿದ್ದರೆ ನಡೆಯುತ್ತದೆ. ಎಡ ಬಲ ಮಾತ್ರ ಸಮ ಇರಲೇಬೇಕು. ಹಿಗ್ಗದ ದಾರವನ್ನು ಕುರ್ಚಿಯ ಬೆನ್ನಿಗೆ, ತಲೆ ಬರುವಲ್ಲಿ ಕಟ್ಟಿ, 7 ಅಡಿಗೆ ಗಂಟು ಹಾಕಿ ಒಮ್ಮೆ ಎಡ ಟ್ವೀಟರಿಗೆ ಒಮ್ಮೆ ಬಲಕ್ಕೆ ಎಳೆದು ಹಿಡಿಯಿರಿ. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಮೊದಲು ಎರಡೂ ಸ್ಪೀಕರು ನೇರ ಮುಂದೆ ನೋಡಲಿ. ಆಮೇಲೆ ಸ್ವಲ್ಪ ಸ್ವಲ್ಪವೇ ಒಳಕ್ಕೆ ತಿರುಗಿಸಿ.

ತಿರುಗಿಸಿದ್ದು ಸಾಕೇ ಎಂದು ಹೇಳಲು ಮೋನೊ ರೆಕಾರ್ಡಿಂಗು ಬೇಕು. ಈ ನೆಲದಲ್ಲಿ ಅದಕ್ಕೇನು ಬರ? ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಯಾರ ಹಳೆಯ ಮೋನೊ ದನಿಯಾದರೂ ಆದೀತು. ಮೋನೊದಲ್ಲಿ ಎರಡೂ ಸ್ಪೀಕರಿಗೆ ಹೋಗುವುದು ಒಂದೇ ದನಿ, ಹಾಗಾಗಿ ಗಾಯಕರು ಎರಡರ ನಟ್ಟನಡುವೆ, ಖಾಲಿ ಗೋಡೆಯ ಮುಂದೆ, ಒಂದು ತಲೆಯಷ್ಟು ಜಾಗದಲ್ಲಿ ಕೂತಂತೆ ಕೇಳಬೇಕು. ದನಿ ಗೋಡೆಯಗಲ ಹರಡಿದರೆ ಇನ್ನಷ್ಟು ಒಳಕ್ಕೆ ತಿರುಗಿಸಿ, ಇಲ್ಲವೇ ಸ್ಪೀಕರು ಹತ್ತಿರ ತನ್ನಿ. ಒಂದು ಕಡೆ ಎಳೆದರೆ ದಾರ ಮತ್ತೆ ಹಿಡಿಯಿರಿ. ನಡುವೆ ಏನೂ ಇಲ್ಲದೆ ದನಿ ತಲೆಯ ಸುತ್ತ ತೇಲಾಡುತ್ತಿದ್ದು, ಬಾಸೂ ಸೊರಗಿದ್ದರೆ ಒಂದು ಸ್ಪೀಕರಿನ ಕೆಂಪು-ಕಪ್ಪು ವೈರು ಅದಲುಬದಲಾಗಿದೆ. ವೈರಿನ ಗುರುತು ಅಳಿಸಿದ್ದರೆ ಆಂಪಿನಿಂದ ಬಿಡಿಸಿ 1.5 ವೋಲ್ಟಿನ ಸೆಲ್ಲು ಕ್ಷಣಮಾತ್ರ ಮುಟ್ಟಿಸಿ. ಪ್ಲಸ್ಸು ಕೆಂಪಿಗೆ ತಗುಲಿದಾಗ ವೂಫರು ಹೊರಕ್ಕೆ ಬರಬೇಕು. ಸ್ಟೀರಿಯೊ ರೆಕಾರ್ಡಿಂಗಿನಿಂದ ಈ ಪರೀಕ್ಷೆ ಮಾಡಹೋದರೆ ತಪ್ಪು ಖೋಲಿಯದೋ ರೆಕಾರ್ಡಿಂಗಿನದೋ ಗೊತ್ತಾಗುವುದಿಲ್ಲ.

ಇಲ್ಲಿಯವರೆಗೆ ಒಂದು ರೂಪಾಯಿಯೂ ಹೆಚ್ಚು ಖರ್ಚಾಗಿಲ್ಲ, ಸ್ಟ್ಯಾಂಡು ಬಿಟ್ಟರೆ. ಗುಂಯ್ ತಗ್ಗಿರುತ್ತದೆ, ನಡುವಿನ ದನಿ ಕೂತಿರುತ್ತದೆ. ಉಳಿದದ್ದು ಖಣಖಣ.

ಇದರ ಲೆಕ್ಕ ಕಟ್ಟಿಕೊಟ್ಟವರು ಹಾರ್ವರ್ಡಿನ ವಾಲೆಸ್ ಸಾಬಿನ್. 1895ರಲ್ಲಿ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಹಾಲಿನಲ್ಲಿ ಮಾತು ಅರ್ಥವಾಗುವುದಿಲ್ಲ ಎಂಬ ದೂರು ಅವರ ಪಾಲಿಗೆ ಬಂತು. ಪಕ್ಕದ ಥಿಯೇಟರಿನಿಂದ ಆಸನದ ಗಾದಿಗಳನ್ನು ರಾತ್ರಿ ಹೊತ್ತು ತಂದು ಹಾಸುತ್ತ, ಎಷ್ಟು ಗಾದಿಗೆ ದನಿ ಎಷ್ಟು ಬೇಗ ಸಾಯುತ್ತದೆ ಎಂದು ಅಳೆದರು. ಅಡಿ ಲೆಕ್ಕದಲ್ಲಿ ಅವರ ಸೂತ್ರ ಹೀಗೆ: ಖೋಲಿಯ ಘನ ಅಡಿಯನ್ನು 0.049ರಿಂದ ಗುಣಿಸಿ, ಖೋಲಿಯೊಳಗಿನ ಒಟ್ಟು ಹೀರಿಕೆಯಿಂದ (ಪ್ರತಿ ಮೈಯ ಚದರ ಅಡಿಯನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿಸಿದ್ದು) ಭಾಗಿಸಿದರೆ, ದನಿ 60 ಡೆಸಿಬೆಲ್ ಇಳಿಯಲು ಹಿಡಿಯುವ ಸೆಕೆಂಡು ಸಿಗುತ್ತದೆ. ನಮ್ಮ ಹಾಲು 1200 ಘನ ಅಡಿ, 0.049ರಿಂದ ಗುಣಿಸಿದರೆ 59 ಹತ್ತಿರ. ಗೋಡೆ, ನೆಲ, ಸ್ಲ್ಯಾಬು ಸೇರಿ 680 ಚದರ ಅಡಿ. ಗಿಲಾವು-ಟೈಲ್ಸು ನೂರಕ್ಕೆ ಮೂರರಷ್ಟು ಹೀರುತ್ತವೆಂದರೆ ಒಟ್ಟು ಹೀರಿಕೆ 20. ಖಾಲಿ ಹಾಲಿನಲ್ಲಿ ದನಿ ಮೂರು ಸೆಕೆಂಡು ಉಳಿಯುತ್ತದೆ. ಗುಡಿಯ ಗರ್ಭಗುಡಿಗೆ ಅದು ಚಂದ, ಸ್ಟೀರಿಯೊಗೆ 0.4 ಸೆಕೆಂಡಿನ ಹತ್ತಿರ ಬೇಕು. ಅಂದರೆ ಹೀರಿಕೆ 145ರ ಆಸುಪಾಸಿಗೆ ಏರಬೇಕು.

ಎಲ್ಲಿಂದ ತರುವುದು? 1000 ಹರ್ಟ್ಜ್‌ನಲ್ಲಿ ಅಂದಾಜು ಲೆಕ್ಕ: ಕೇಳುವ ಒಬ್ಬರು 4. ಬಟ್ಟೆ ಹೊದಿಕೆಯ ಸೋಫಾ 18. ಆರಡಿ-ನಾಲ್ಕಡಿಯ ಹತ್ತಿ ಗಾದಿ 19. ದಪ್ಪ ಪಡದೆ, 35 ಚದರ ಅಡಿ, ಅರ್ಧ ಹೀರಿದರೂ 17. ಆರಡಿ-ಒಂಬತ್ತಡಿಯ ನವಲಗುಂದ ಜಮಖಾನೆ 16. ಗೋಡೆ-ನೆಲದ 20 ಸೇರಿ 94 ಆಯಿತು. ಉಳಿದದ್ದಕ್ಕೆ ಎಂಟು ಚದರ ಅಡಿಯ ಆರು ಪ್ಯಾನೆಲ್, 48. ಒಟ್ಟು 142, ಸೆಕೆಂಡು 0.41. ಸಣ್ಣ ಖೋಲಿಗೆ ಸಾಬಿನ್ ಸೂತ್ರ ಪೂರ್ತಿ ಕರಾರುವಾಕ್ಕಲ್ಲ, ಆದರೂ ಸಾಮಾನು ಎಷ್ಟು ತರಬೇಕು ಎನ್ನಲು ಸಾಕು. ರೆಕ್ಸಿನ್ ಸೋಫಾ ಇದ್ದರೆ 18 ಬರೆಯಬೇಡಿ, ಅರ್ಧ ಬರೆಯಿರಿ. ಎಲ್ಲಕ್ಕಿಂತ ಮುಖ್ಯ, ಇದೇ ಪಟ್ಟಿಯನ್ನು 100 ಹರ್ಟ್ಜ್‌ಗೆ ಬರೆದರೆ ಜಮಖಾನೆ, ಪಡದೆ ಸೊನ್ನೆಯ ಹತ್ತಿರ ಇಳಿಯುತ್ತವೆ. ಇಡೀ ಖೋಲಿಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿದವರ ಮನೆಯಲ್ಲಿ ದನಿ ಮಂಕು ಮತ್ತು ಗುಂಯ್ ಎರಡೂ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಹೀರುವ ವಸ್ತು ಎಷ್ಟು ಎಂಬುದರಷ್ಟೇ ಎಲ್ಲಿ ಎಂಬುದೂ ಮುಖ್ಯ. ಕೇಳುವ ಜಾಗದಲ್ಲಿ ಕೂತು, ಇನ್ನೊಬ್ಬರಿಗೆ ಪಕ್ಕದ ಗೋಡೆಗುಂಟ ಕನ್ನಡಿ ಸರಿಸಲು ಹೇಳಿ. ಕನ್ನಡಿಯಲ್ಲಿ ಆ ಬದಿಯ ಟ್ವೀಟರು ಕಂಡಲ್ಲಿ ದನಿ ಮೊದಲ ಸಲ ಪುಟಿದು ನಿಮಗೆ ಬರುತ್ತದೆ. ನಮ್ಮ ಅಳತೆಯ ಹಾಲಿನಲ್ಲಿ ಅದು ಮುಂದಿನ ಗೋಡೆಯಿಂದ ಸುಮಾರು 3 ಅಡಿಗೆ ಬರುತ್ತದೆ. ಅಲ್ಲಿಂದ ಪುಟಿದ ದನಿ ನೇರ ದನಿಗಿಂತ ಎರಡೂವರೆ ಅಡಿ ಹೆಚ್ಚು ನಡೆದು, 2 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ಕಿವಿ ಇದನ್ನು ಬೇರೆ ದನಿ ಎಂದು ಗುರುತಿಸುವುದಿಲ್ಲ, ನೇರ ದನಿಗೇ ಬೆರೆಸಿ ಕಲಸಿಬಿಡುತ್ತದೆ. ಎಡ ಬಲ ಆ ಎರಡು ಜಾಗಕ್ಕೆ ಮೊದಲ ಎರಡು ಪ್ಯಾನೆಲ್. ಒಂದು ಬದಿ ಕಿಡಕಿ ಇದ್ದರೆ ಪ್ಯಾನೆಲ್ಲಿಗೆ ಕಾಲು ಕೊಟ್ಟು ಅದರ ಮುಂದೆ ನಿಲ್ಲಿಸಿ. ಬರೀ ಪಡದೆ ಬಿಟ್ಟರೆ ಒಂದು ಕಿವಿಗೆ ಗಾಜು, ಒಂದು ಕಿವಿಗೆ ಉಣ್ಣೆ ಆಗುತ್ತದೆ. ಆಮೇಲಿನ ಎರಡು ಪ್ಯಾನೆಲ್ ಸ್ಪೀಕರುಗಳ ಹಿಂದೆ, ಕೊನೆಯ ಎರಡು ತಲೆಯ ಹಿಂದಿನ ಗೋಡೆಗೆ. ಸ್ಲ್ಯಾಬಿನಿಂದ ಪುಟಿಯುವುದು 8 ಅಡಿಗೂ ಹೆಚ್ಚು ಸುತ್ತಿ ಬರುವುದರಿಂದ ಅದರ ಚಿಂತೆ ಆಮೇಲೆ. ನೆಲಕ್ಕೆ, ಸ್ಪೀಕರು ಮತ್ತು ಕುರ್ಚಿಯ ನಡುವೆ, ಕುರಿ ಉಣ್ಣೆಯ ಕಂಬಳಿ ಎರಡು ಮಡಿಕೆ, ಅದರ ಮೇಲೆ ಜಮಖಾನೆ. ಜಮಖಾನೆ ಒಂದೇ ಆದರೆ ಬಹಳ ತೆಳು.

ಪ್ಯಾನೆಲ್ ಮಾಡುವುದು ಬಡಗಿಗೆ ಅರ್ಧ ದಿನದ ಕೆಲಸ. ರಾಕ್‌ವೂಲ್ ಸ್ಲ್ಯಾಬು (ಕಲ್ಲಿನ ಎಳೆ ಒತ್ತಿ ಮಾಡಿದ ಹಾಳೆ), 50 ಮಿ.ಮೀ. ದಪ್ಪ, ಘನ ಮೀಟರಿಗೆ 48 ಕಿಲೋ ಸಾಂದ್ರತೆ, ಒಂದು ಪ್ಯಾನೆಲ್ಲಿಗೆ ಎರಡು ಪದರ. ಬಾಯ್ಲರಿಗೆ, ಎಸಿ ಡಕ್ಟಿಗೆ ಶಾಖ ನಿರೋಧಕ ಮಾರುವವರಲ್ಲಿ ಸಿಗುತ್ತದೆ. 64 ಸಿಕ್ಕರೂ ಚಿಂತೆಯಿಲ್ಲ, 96 ಮತ್ತು ಅದಕ್ಕಿಂತ ಗಟ್ಟಿಯದು ಬೇಡ. ಸ್ಲ್ಯಾಬು 1200-600 ಮಿ.ಮೀ. ಇರಬಹುದು, 1000-500 ಇರಬಹುದು. ಮೊದಲು ಅದನ್ನು ತಂದು ಆಮೇಲೆ ಚೌಕಟ್ಟು ಕೊಯ್ಯಿಸಿ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. 1200-600ಕ್ಕೆ ನಾಲ್ಕಿಂಚು ಅಗಲ, ಮುಕ್ಕಾಲಿಂಚು ದಪ್ಪದ ಪೈನ್ ಪಟ್ಟಿ, ನಡುವಿನ ಅಡ್ಡಪಟ್ಟಿ ಸೇರಿ ಪ್ಯಾನೆಲ್ಲಿಗೆ 14 ಅಡಿ. ಆರಕ್ಕೆ 84 ಅಡಿ ಪಟ್ಟಿ, 12 ಸ್ಲ್ಯಾಬು.

ಹೊದಿಕೆಗೆ ಹುಬ್ಬಳ್ಳಿಯ ಬೆಂಗೇರಿ ಖಾದಿ ಬಟ್ಟೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಾಯಿಗೆ ಒತ್ತಿ ಊದಿದರೆ ಉಸಿರು ಸಲೀಸಾಗಿ ಆಚೆ ಹೋಗಬೇಕು, ಅದೊಂದೇ ಪರೀಕ್ಷೆ. ರೆಕ್ಸಿನ್, ಪ್ಲಾಸ್ಟಿಕ್ ಲೇಪದ ಸೋಫಾ ಬಟ್ಟೆ ಹೊದಿಸಿದರೆ ಮೇಲಿನ ದನಿ ಒಳಗೆ ಹೋಗದೆ ಅಲ್ಲಿಂದಲೇ ಮರಳುತ್ತದೆ. 36 ಇಂಚು ಅಗಲದ ಅರಿವೆ ಪ್ಯಾನೆಲ್ಲಿಗೆ ಒಂದೂವರೆ ಮೀಟರ್, ಆರಕ್ಕೆ 9 ಮೀಟರ್. ಮೊದಲು ತೊಳೆದು ಒಣಗಿಸಿ, ಖಾದಿ ಕುಗ್ಗುತ್ತದೆ. ರಾಕ್‌ವೂಲಿನ ಎಳೆ ಮೈಗೆ ತಾಗಿದರೆ ತುರಿಕೆ, ಮೂಗಿಗೆ ಹೋದರೆ ಕೆಮ್ಮು. ಕೈಗವಸು, ತುಂಬು ತೋಳಿನ ಅಂಗಿ, ಎನ್95 ಮಾಸ್ಕು ಹಾಕಿ ಅಂಗಳದಲ್ಲಿ ಕೆಲಸ ಮಾಡಿ, ಸ್ಲ್ಯಾಬನ್ನು ತೆಳು ಮಲ್ ಬಟ್ಟೆಯಲ್ಲಿ ಸುತ್ತಿದ ಮೇಲೆ ಖಾದಿ ಎಳೆದು ಸ್ಟೇಪಲ್ ಹೊಡೆಯಿರಿ. ಗೋಡೆಗೆ ಅಂಟಿಸದೆ ಹಿಂದೆ 2ರಿಂದ 4 ಇಂಚು ಗಾಳಿ ಬಿಟ್ಟರೆ ಅಷ್ಟೇ ಸಾಮಾನಿನಲ್ಲಿ ಇನ್ನೂ ಕೆಳಗಿನ ದನಿಯವರೆಗೆ ಹೀರುತ್ತದೆ. ಒಂದು ಪ್ಯಾನೆಲ್ 8 ಕಿಲೋ ಹತ್ತಿರ ತೂಗುತ್ತದೆ. ಹಳೆಯ ಮಣ್ಣಿನ ಗೋಡೆಗೆ ಸ್ಕ್ರೂ ನಿಲ್ಲುವುದಿಲ್ಲ, ಅಲ್ಲಿ ನೆಲದ ಮೇಲೆ ಕಾಲಿನಿಂದಲೇ ನಿಲ್ಲಿಸಿ.

ರಾಕ್‌ವೂಲ್ ಮನೆಗೆ ಬೇಡ ಎನ್ನುವವರಿಗೆ ಕೌದಿ ಇದೆ. ಹಳೆ ಸೀರೆಗಳ ಐದಾರು ಪದರದ ಕೌದಿಯನ್ನು ಕೋಲಿಗೆ ಎರಡು ಮಡಿಕೆ ಹಾಕಿ, ಗೋಡೆಯಿಂದ ನಾಲ್ಕಿಂಚು ದೂರ ತೂಗಿಸಿದರೆ ಚಪ್ಪಾಳೆಯ ಬಾಲ ನಿಲ್ಲುತ್ತದೆ. ನೋಡಲೂ ಚಂದ. ನಾಲ್ಕಿಂಚಿನ ಹತ್ತಿ ಗಾದಿಯನ್ನು ಗೋಡೆಗೆ ನಿಲ್ಲಿಸಿದರೆ ಕೆಲಸದಲ್ಲಿ ಪ್ಯಾನೆಲ್ಲಿಗೆ ಸಮೀಪ ಬರುತ್ತದೆ. ಆದರೆ ಧಾರವಾಡದ ಮಳೆಗಾಲದಲ್ಲಿ ಹತ್ತಿ ತೇವ ಹಿಡಿದು ಬೂಸ್ಟು ಬರುತ್ತದೆ, ಗೋಡೆಗೆ ಒತ್ತಿಟ್ಟದ್ದು ಮೊದಲು. ದೇವರ ದೀಪದ ಹತ್ತಿರವಂತೂ ಹತ್ತಿ, ಫೋಮು ಎರಡೂ ಕೂಡದು. ಮೊಟ್ಟೆ ಟ್ರೇ ಅಂಟಿಸುವ ಪದ್ಧತಿ ಇನ್ನೂ ಸತ್ತಿಲ್ಲ. ತೆಳು ರಟ್ಟು, ಹೀರುವುದು ಅತ್ಯಲ್ಪ, ಬೆಂಕಿ ಹಿಡಿಯುವುದು ಬಹಳ ಬೇಗ. ಬೇಡ್ರಿ.

ಇಷ್ಟಾದ ಮೇಲೂ ಗುಂಯ್ ಉಳಿದರೆ ಮೂಲೆಗೆ ಕೈ ಹಾಕಬೇಕು. ಎಲ್ಲ ದಿಕ್ಕಿನ ಅಲೆಗಳೂ ಮೂಲೆಯಲ್ಲಿ ಒತ್ತುವುದರಿಂದ ಅಲ್ಲಿಟ್ಟ ಸಾಮಾನಿಗೆ ಫಲ ಹೆಚ್ಚು. 1200-600ರ ಸ್ಲ್ಯಾಬನ್ನು ಎರಡು ಚೌಕ ಮಾಡಿ, ಪ್ರತಿ ಚೌಕವನ್ನು ಎರಡೂ ಕರ್ಣಗುಂಟ ಕೊಯ್ದರೆ ಎಂಟು ತ್ರಿಕೋನ. ಮುಖ 24 ಇಂಚು, ಗೋಡೆಯ ಬದಿಗಳು 17 ಇಂಚು. ನೆಲದಿಂದ 8 ಅಡಿವರೆಗೆ ಒಂದರ ಮೇಲೊಂದು ಪೇರಿಸಲು 48 ತ್ರಿಕೋನ ಬೇಕು, ಅಂದರೆ ಮೂಲೆಗೆ ಆರು ಸ್ಲ್ಯಾಬು. ಮುಂದೆ ಖಾದಿಯ ಪಡದೆ. ಬ್ರೆಡ್ಡು ಕೊಯ್ಯುವ ಹಲ್ಲಿನ ಚೂರಿಯಿಂದ ಸ್ಲ್ಯಾಬು ಸಲೀಸಾಗಿ ಕೊಯ್ಯುತ್ತದೆ. ಎರಡು ಮೂಲೆಗೆ ಇದನ್ನು ಮಾಡಿದರೆ 113, 94 ಹರ್ಟ್ಜ್‌ನ ಉಬ್ಬು ಕಣ್ಣಿಗೆ ಕಾಣುವಂತೆ ತಗ್ಗುತ್ತದೆ. 47ಕ್ಕೆ ಇದರಿಂದ ಹೆಚ್ಚೇನೂ ಆಗದು: ಅದರ ಕಾಲು ಅಲೆಯೇ 6 ಅಡಿ. ಆ ಅಲೆಗೆ ಕುರ್ಚಿಯ ಜಾಗವೇ ಮದ್ದು, ಇಲ್ಲವೇ ಅಡುಗೆಮನೆಯ ಬಾಗಿಲು ತೆರೆದಿಡುವುದು, ಇಲ್ಲವೇ ಈಕ್ವಲೈಜರ್ (ಒಂದೊಂದು ಅಂಕಿಯ ದನಿಯನ್ನು ಏರಿಸಿ ಇಳಿಸುವ ಸಾಧನ). ಈಕ್ವಲೈಜರಿನಲ್ಲಿ ಉಬ್ಬನ್ನು ಇಳಿಸಿ, ಕುಣಿಯನ್ನು ತುಂಬಹೋಗಬೇಡಿ. ಕುಣಿಯಲ್ಲಿ ನೀವು ಹೆಚ್ಚು ಕಳಿಸಿದಷ್ಟೂ ಗೋಡೆಯಿಂದ ಮರಳುವುದೂ ಹೆಚ್ಚಿ ಮತ್ತೆ ಕಡಿಯುತ್ತದೆ, ಕಾಯುವುದು ಆಂಪು, ಹರಿಯುವುದು ವೂಫರು.

ಅಳೆದೇ ನೋಡಬೇಕೆಂದರೆ ರೂಮ್ ಇಕ್ಯೂ ವಿಜಾರ್ಡ್ ಎಂಬ ಸಾಫ್ಟ್‌ವೇರು ಉಚಿತ. ಯುಎಸ್‌ಬಿ ಅಳತೆ ಮೈಕು ಇದ್ದರೆ ಗ್ರಾಫು ನಂಬಬಹುದು. ಮೊಬೈಲಿನ ಮೈಕು ಕೆಳಗಿನ ಬಾಸನ್ನು ಕಡಿಮೆ ತೋರಿಸುತ್ತದೆ, ಆದ್ದರಿಂದ ಕುರ್ಚಿ ಇಲ್ಲಿದ್ದಾಗ ಎಷ್ಟು, ಅಲ್ಲಿದ್ದಾಗ ಎಷ್ಟು ಎಂಬ ಹೋಲಿಕೆಗೆ ಮಾತ್ರ ಬಳಸಿ. ಅಳೆಯುವಾಗ ಫ್ಯಾನು ಆಫ್ ಮಾಡಿ. ಕೇಳುವಾಗಲೂ ಮೇ ತಿಂಗಳು ಬಿಟ್ಟು ಉಳಿದ ಕಾಲದಲ್ಲಿ ಫ್ಯಾನನ್ನು ಒಂದರಲ್ಲಿಡಿ. ಗಾಳಿಯ ಸದ್ದು ತಾನಪುರದ ಜವಾರಿಯನ್ನು (ತಂತಿಯ ಝೇಂಕಾರವನ್ನು) ಮೊದಲು ನುಂಗುತ್ತದೆ.